ಹಿತ್ತಲ ಗಿಡವೂ ಮದ್ದೇ: ಡಾಕ್ಟರ್ ಓದಿಗೆ ದೊಡ್ಡ ಕಾಲೇಜೋ, ಚಿಕ್ಕ ಕಾಲೇಜೋ?



ಹತ್ತನೇ ತರಗತಿಯ ಫಲಿತಾಂಶ ಬಂತೆಂದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಮೂರೂ ಊರುಗಳಲ್ಲಿ ಒಂದೇ ಮಾತು: "ನಿಮ್ಮ ಹುಡುಗೀನ ಬೈಪಿಸಿಗೆ ಎಲ್ಲಿ ಹಾಕ್ತೀರಿ?" ಬಸ್ ಸ್ಟ್ಯಾಂಡಿನ ಗೋಡೆ ತುಂಬ ರ‍್ಯಾಂಕ್ ಬಂದವರ ಫೋಟೊ. ಅಪ್ಪಂದಿರ ಫೋನಿಗೆ ಹೈದರಾಬಾದಿನಿಂದ ಮೇಲಿಂದ ಮೇಲೆ ಕರೆ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲೂ ಅದೇ ಮಾತುಕತೆ. ಹೈದರಾಬಾದಿಗೆ ಕಳಿಸುವವರು ಗಟ್ಟಿಯಾಗಿ ಹೇಳುತ್ತಾರೆ. ರಾಯಚೂರಿಗೆ ಪಿಯುಸಿಗೆ ಕಳಿಸುವವರು ಸ್ವಲ್ಪ ಮೆಲ್ಲಗೆ ಹೇಳುತ್ತಾರೆ. "ಇಲ್ಲೇ ಗೌರ್ಮೆಂಟ್ ಜೂನಿಯರ್ ಕಾಲೇಜು" ಅನ್ನುವವರು ಮಾತ್ರ ಏನೋ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸುತ್ತಾರೆ.

ಆ ತಗ್ಗಿದ ತಲೆಯನ್ನು ಎತ್ತಿಸಬೇಕು ಅಂತಲೇ ನಾವು ಈ ಸಲ ಬರೆಯುತ್ತಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಡಾಕ್ಟರ್ ಆಗಬೇಕೆನ್ನುವ ಹದಿನೈದು ವರ್ಷದ ಮಗುವಿಗೆ ಕಾಲೇಜನ್ನು ಅದರ ಗಾತ್ರ ನೋಡಿ ಆರಿಸಬಾರದು. ಆ ಮಗುವಿನ ತಪ್ಪನ್ನು ವಾರವಾರವೂ ನೋಡಿ, ಹೆಸರು ಹಿಡಿದು ಕರೆದು, ತಿದ್ದುವವರು ಎಲ್ಲಿದ್ದಾರೋ ಅಲ್ಲಿಗೆ ಸೇರಿಸಬೇಕು. ನಮ್ಮ ಬಹುಪಾಲು ಮಕ್ಕಳಿಗೆ ಅಂಥವರು ಸಿಗುವ ಸಾಧ್ಯತೆ ಮನೆಯ ಹತ್ತಿರವೇ ಹೆಚ್ಚು. "ಹಿತ್ತಲ ಗಿಡ ಮದ್ದಲ್ಲ" ಅನ್ನುವ ಗಾದೆಯನ್ನು ಈ ವಿಷಯದಲ್ಲಾದರೂ ಸ್ವಲ್ಪ ಪಕ್ಕಕ್ಕಿಡೋಣ.

ಪರೀಕ್ಷೆ ಕೇಳುವುದೇನು?

ಎಂಬಿಬಿಎಸ್ ಬಾಗಿಲಿಗೆ ಒಂದೇ ಬೀಗ, ಅದು ನೀಟ್. 180 ಪ್ರಶ್ನೆ, 180 ನಿಮಿಷ, 720 ಅಂಕ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿ ಉತ್ತರಕ್ಕೆ 4 ಅಂಕ, ತಪ್ಪು ಉತ್ತರಕ್ಕೆ 1 ಅಂಕ ಕಡಿತ. ಅಂದರೆ ಅರ್ಧ ಪರೀಕ್ಷೆ ಜೀವಶಾಸ್ತ್ರವೇ. ಅದಕ್ಕೆ ಮುಖ್ಯ ಆಧಾರ 11 ಮತ್ತು 12ನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕಗಳು. ಆ ಪುಸ್ತಕಗಳನ್ನು ಎನ್‌ಸಿಇಆರ್‌ಟಿ ತನ್ನ ಜಾಲತಾಣದಲ್ಲಿ ಪುಕ್ಕಟೆ ಇಟ್ಟಿದೆ. ಹೈದರಾಬಾದಿನ ಹತ್ತು ಅಂತಸ್ತಿನ ಕಟ್ಟಡದಲ್ಲಿ ಕೂತ ಮಗು ಓದುವುದೂ ಅದೇ ಪುಸ್ತಕ, ಮಕ್ತಲ್‌ನ ಕಟ್ಟೆಯ ಮೇಲೆ ಕೂತ ಮಗು ಓದುವುದೂ ಅದೇ ಪುಸ್ತಕ.

ನಮ್ಮ ಮಕ್ಕಳು ಇಲ್ಲೊಂದು ವಿಷಯ ಗಮನಿಸಬೇಕು. ತೆಲಂಗಾಣ ಇಂಟರ್ ಬೋರ್ಡ್ ಪರೀಕ್ಷೆಗೆ ಓದುವ ಬಾಟನಿ, ಜುವಾಲಜಿ ಪುಸ್ತಕಗಳು ಬೇರೆ, ನೀಟ್‌ಗೆ ನೆಚ್ಚಿಕೊಳ್ಳಬೇಕಾದ ಎನ್‌ಸಿಇಆರ್‌ಟಿ ಬೇರೆ. ಪಾಠಗಳು ಬಹಳಷ್ಟು ಒಂದೇ ಆದರೂ ಪ್ರಶ್ನೆ ಕೇಳುವ ರೀತಿ ಬೇರೆ. ಬೋರ್ಡ್ ಪುಸ್ತಕ ಒಂದನ್ನೇ ಓದಿ ಇಂಟರ್‌ನಲ್ಲಿ 90 ಶೇಕಡಾ ತೆಗೆದ ಮಗು ನೀಟ್‌ನಲ್ಲಿ ತಬ್ಬಿಬ್ಬಾಗುವುದುಂಟು. ಚಿಕ್ಕ ಕಾಲೇಜಿನ ಮಕ್ಕಳು ಹಿಂದೆ ಬೀಳುವ ಜಾಗ ಇದು. ಮೊದಲ ವರ್ಷದ ಮೊದಲ ತಿಂಗಳಿಂದಲೇ ಎರಡೂ ಪುಸ್ತಕ ಜೊತೆಯಲ್ಲಿಟ್ಟು ಓದಿದರೆ ಈ ಕೊರತೆ ತುಂಬುತ್ತದೆ. ಅದಕ್ಕೆ ಖರ್ಚಿಲ್ಲ, ಶಿಸ್ತು ಬೇಕು ಅಷ್ಟೆ.

ಅಮೆರಿಕದಲ್ಲಿರುವ ಸಂಬಂಧಿಕರು ಕೆಲವು ಸಲ ಫೋನಿನಲ್ಲಿ ಸಲಹೆ ಕೊಡುತ್ತಾರೆ. ಅಲ್ಲಿ ಮಕ್ಕಳು ಮೊದಲು ನಾಲ್ಕು ವರ್ಷದ ಡಿಗ್ರಿ ಮುಗಿಸಿ ಆಮೇಲೆ ಮೆಡಿಕಲ್‌ಗೆ ಹೋಗುತ್ತಾರೆ. ಪ್ರವೇಶಕ್ಕೆ ಅಂಕದ ಜೊತೆಗೆ ಮೇಷ್ಟ್ರುಗಳ ಶಿಫಾರಸು ಪತ್ರವೂ ಬೇಕು. ಹಾಗಾಗಿ "ಚಿಕ್ಕ ವಿಶ್ವವಿದ್ಯಾಲಯವಾದರೆ ಮೇಷ್ಟ್ರಿಗೆ ಗುರುತು ಸಿಗುತ್ತೆ, ಪತ್ರ ಚೆನ್ನಾಗಿ ಬರುತ್ತೆ" ಅನ್ನುವುದು ಅಲ್ಲಿನ ಲೆಕ್ಕ. ನೀಟ್ ಯಾರ ಪತ್ರವನ್ನೂ ಕೇಳುವುದಿಲ್ಲ. ಆದರೂ ಮೇಷ್ಟ್ರಿಗೆ ಮಗುವಿನ ಗುರುತಿರುವುದು ಇಲ್ಲೂ ಮುಖ್ಯವೇ, ಕಾರಣ ಮಾತ್ರ ಬೇರೆ. ಉಷ್ಣಗತಿ ವಿಜ್ಞಾನದಲ್ಲಿ ಮಗು ಎಲ್ಲಿ ಎಡವುತ್ತಿದೆ ಎಂದು ಯಾರಿಗೂ ತಿಳಿಯದೆ ಎರಡು ವರ್ಷ ಕಳೆದುಹೋದರೆ ಪರೀಕ್ಷೆಯ ದಿನ ಅದನ್ನು ಯಾರೂ ಸರಿಮಾಡಲಾಗದು.

ದೊಡ್ಡ ಕಾಲೇಜು: ಕೊಡುವುದು, ಕಸಿಯುವುದು

ದೊಡ್ಡ ಕಾಲೇಜನ್ನು ನಾವು ಸುಮ್ಮನೆ ಬೈಯುವುದಿಲ್ಲ. ಅಲ್ಲಿ ವಾರಕ್ಕೊಂದು ಪರೀಕ್ಷೆ ತಪ್ಪದೆ ನಡೆಯುತ್ತದೆ. ಎಲ್ಲ ವಿಷಯಕ್ಕೂ ಮೇಷ್ಟ್ರು ಇರುತ್ತಾರೆ. ಸುತ್ತಲೂ ಓದುವ ಮಕ್ಕಳೇ ಇರುವುದರಿಂದ ಸೋಮಾರಿಗೂ ಓದುವ ಮನಸ್ಸು ಬರುತ್ತದೆ. ಮನೆಯಲ್ಲಿ ಓದಲು ಜಾಗವಿಲ್ಲದ, ಮಗ್ಗದ ಸದ್ದು, ದನಕರುಗಳ ಕೆಲಸದ ನಡುವೆ ಬೆಳೆದ ಮಗುವಿಗೆ ಹಾಸ್ಟೆಲ್‌ನ ನಿಗದಿತ ವೇಳೆ ಒಂದು ವರವೇ ಸರಿ. ಒಬ್ಬಂಟಿಯಾಗಿ ಇರಬಲ್ಲ, ಸ್ಪರ್ಧೆ ಕಂಡರೆ ಹುರುಪಾಗುವ ಮಕ್ಕಳು ಅಲ್ಲಿ ಚೆನ್ನಾಗಿ ಬೆಳೆಯುತ್ತಾರೆ.

ಆದರೆ ಗೋಡೆಯ ಮೇಲಿನ ಫೋಟೊಗಳನ್ನು ನೋಡುವಾಗ ಒಂದು ಸರಳ ಲೆಕ್ಕ ಮರೆಯಬೇಡಿ. ಸೀಟು ಸಿಕ್ಕವರು ಎಷ್ಟು ಎಂದು ಆ ಗೋಡೆ ಹೇಳುತ್ತದೆ. ಸೇರಿದವರು ಎಷ್ಟು ಎಂದು ಹೇಳುವುದಿಲ್ಲ. ಸಾವಿರಾರು ಮಕ್ಕಳಲ್ಲಿ ನೂರು ಫೋಟೊ ಬರುವುದೂ, ಅರವತ್ತು ಮಕ್ಕಳಲ್ಲಿ ಇಬ್ಬರು ಸೀಟು ಪಡೆಯುವುದೂ ಹೆಚ್ಚು ಕಡಿಮೆ ಒಂದೇ ತೂಕ ಆಗಬಹುದು. ಎರಡು ಫೋಟೊಗೆ ಬ್ಯಾನರ್ ಕಟ್ಟಿಸುವವರು ಇರುವುದಿಲ್ಲ, ವ್ಯತ್ಯಾಸ ಅಷ್ಟೆ.

ಇನ್ನೊಂದು ವಿಷಯ ಸೆಕ್ಷನ್‌ಗಳದು. ದೊಡ್ಡ ಕಡೆ ಅಂಕದ ಮೇಲೆ ಮಕ್ಕಳನ್ನು ವಿಂಗಡಿಸಿ, ಮೇಲಿನ ಸೆಕ್ಷನ್‌ಗೆ ಒಳ್ಳೆಯ ಮೇಷ್ಟ್ರನ್ನು ಕೊಟ್ಟು, ಕೆಳಗಿನವರಿಗೆ ಉಳಿದದ್ದನ್ನು ಕೊಡುವ ಪದ್ಧತಿ ಬಹಳ ಕಾಲದಿಂದ ಇದೆ. ಶುಲ್ಕ ಮಾತ್ರ ಎಲ್ಲರೂ ಕಟ್ಟುತ್ತಾರೆ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ವಿದ್ಯಾಸಂಸ್ಥೆ, ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಕೊಟ್ಟಿತು. ಅಂಕ ನೋಡಿ ಬ್ಯಾಚ್ ಬೇರ್ಪಡಿಸಬಾರದು, ಎಲ್ಲರ ಮುಂದೆ ಅವಮಾನ ಮಾಡಬಾರದು, 100 ಮತ್ತು ಅದಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಲೇಬೇಕು ಎಂದು ಅದರಲ್ಲಿದೆ. ಕೋರ್ಟು ಇಷ್ಟು ಹೇಳಬೇಕಾಯಿತು ಅಂದರೆ ಒಳಗೆ ಏನಾಗುತ್ತಿದೆ ಎಂದು ಊಹಿಸಿಕೊಳ್ಳಿ.

ನಮ್ಮ ಮಕ್ಕಳಿಗೆ ಇದರ ಮೇಲೆ ಭಾಷೆಯ ಭಾರವೂ ಇದೆ. ಗಡಿಯ ಹಳ್ಳಿಗಳ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದ ಮಗು ಹೈದರಾಬಾದಿಗೆ ಹೋದರೆ ಪಾಠ ಇಂಗ್ಲಿಷಿನಲ್ಲಿ, ವಿವರಣೆ ತೆಲುಗಿನಲ್ಲಿ. ಅನುಮಾನ ಬಂದರೆ ಯಾವ ಭಾಷೆಯಲ್ಲಿ ಕೇಳಬೇಕೆಂಬುದೇ ಅನುಮಾನ. ಹೀಗೆ ಜಾಣ ಮಗುವೂ ಹಿಂದಿನ ಬೆಂಚಿನಲ್ಲಿ ಮೂಕವಾಗುತ್ತದೆ. ನಮ್ಮೂರಲ್ಲಾದರೆ ಮೇಷ್ಟ್ರನ್ನು ವರಾಂಡದಲ್ಲಿ ನಿಲ್ಲಿಸಿ ಕನ್ನಡದಲ್ಲೋ, ತೆಲುಗಿನಲ್ಲೋ, ಎರಡೂ ಬೆರೆಸಿಯೋ ಕೇಳಬಹುದು.

ಚಿಕ್ಕ ಕಾಲೇಜಿನ ಬಗ್ಗೆಯೂ ಸುಳ್ಳು ಬೇಡ

ಹಾಗಂತ ಚಿಕ್ಕದೆಲ್ಲ ಚಿನ್ನ ಅಂತ ನಾವು ಹೇಳುತ್ತಿಲ್ಲ. ಫಿಸಿಕ್ಸ್ ಮೇಷ್ಟ್ರ ಹುದ್ದೆ ಖಾಲಿ ಇದ್ದು ನವೆಂಬರ್‌ವರೆಗೆ ಪಾಠವೇ ಶುರುವಾಗದ ಕಾಲೇಜು ಚಿಕ್ಕದಾಗಿದ್ದರೇನು ಬಂತು? ಲ್ಯಾಬಿನ ಬೀಗ ತೆಗೆಯದ, ಹಾಜರಿ ಹಾಕಿ ಮನೆಗೆ ಕಳಿಸುವ ಕಾಲೇಜೂ ಇರಬಹುದು. ಕೆಲವು ಖಾಸಗಿ ಚಿಕ್ಕ ಕಾಲೇಜುಗಳು ದೊಡ್ಡವರ ಬೋರ್ಡಿನ ಬಣ್ಣವನ್ನಷ್ಟೇ ನಕಲು ಮಾಡುತ್ತವೆ. ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಸೇರಿಸುವುದೂ, ದೊಡ್ಡದಿದೆ ಎಂಬ ಒಂದೇ ಕಾರಣಕ್ಕೆ ಸೇರಿಸುವುದೂ ಎರಡೂ ಕುರುಡು.

ಒಳ್ಳೆಯ ಚಿಕ್ಕ ಕಾಲೇಜಿನಲ್ಲೂ ಮೂರು ಕೊರತೆ ಸಾಮಾನ್ಯ: ನೀಟ್ ಮಾದರಿಯ ಪರೀಕ್ಷೆ ನಡೆಯುವುದಿಲ್ಲ, ಕಠಿಣ ಫಿಸಿಕ್ಸ್ ಲೆಕ್ಕಗಳ ಅಭ್ಯಾಸ ಸಾಲದು, ಜೊತೆಗೆ ಓದುವ ಗುಂಪು ಚಿಕ್ಕದು. ಈ ಮೂರನ್ನೂ ಹೊರಗಿನಿಂದ ತುಂಬಬಹುದು. ಹಳೆಯ ನೀಟ್ ಪ್ರಶ್ನೆಪತ್ರಿಕೆಗಳು ಸಿಗುತ್ತವೆ. ತಿಂಗಳಿಗೆ ಎರಡು ಭಾನುವಾರ ಪೂಜೆಯ ನಂತರ ಚರ್ಚಿನ ಸಭಾಂಗಣದಲ್ಲಿ ಗಡಿಯಾರ ಇಟ್ಟು ಮೂರು ಗಂಟೆಯ ಪರೀಕ್ಷೆ ನಡೆಸಲು ನಮಗೆ ಬೇಕಾಗಿರುವುದು ಬೆಂಚು, ಫ್ಯಾನು, ಒಬ್ಬ ಮೇಲ್ವಿಚಾರಕ. ನರ್ಸಿಂಗ್, ಫಾರ್ಮಸಿ, ಬಿಎಸ್ಸಿ ಓದುತ್ತಿರುವ ನಮ್ಮ ಅಕ್ಕ ಅಣ್ಣಂದಿರು ಉತ್ತರ ತಿದ್ದಬಹುದು. ಮನೆಯ ಹತ್ತಿರ ಸಿಗುವ ಆಸರೆಯನ್ನು ದುಡ್ಡು ಕೊಟ್ಟು ಕೊಳ್ಳಲಾಗದು. ಜ್ವರ ಬಂದರೆ ಅಮ್ಮ ಇದ್ದಾಳೆ. ಮಗು ಎರಡು ದಿನ ಊಟ ಬಿಟ್ಟರೆ ಮೂರನೇ ದಿನ ಮನೆಯವರಿಗೆ ತಿಳಿಯುತ್ತದೆ.

ರಾಯಚೂರಿಗೆ ಹೋಗುವ ಮುನ್ನ

ಈಗ ನಮ್ಮ ಗಡಿಯವರಿಗೇ ಇರುವ ವಿಷಯ. ಕೃಷ್ಣಾ ಸೇತುವೆ ದಾಟಿದರೆ ರಾಯಚೂರು. ಅಲ್ಲಿ ಕನ್ನಡ ಇದೆ, ನೆಂಟರಿದ್ದಾರೆ, ಕಾಲೇಜುಗಳೂ ಇವೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ಸಹಜವಾದ ದಾರಿ. ಆದರೆ ಮೆಡಿಕಲ್ ಸೀಟಿನ ವಿಷಯಕ್ಕೆ ಬಂದಾಗ ಆ ಸೇತುವೆ ಬಹಳ ಉದ್ದವಾಗಿಬಿಡುತ್ತದೆ.

ತೆಲಂಗಾಣದಲ್ಲಿ ಮೆಡಿಕಲ್ ಸೀಟಿಗೆ ಸ್ಥಳೀಯ ಅಭ್ಯರ್ಥಿ ಎನಿಸಿಕೊಳ್ಳಲು ಅರ್ಹತಾ ಪರೀಕ್ಷೆಯವರೆಗಿನ ನಾಲ್ಕು ವರ್ಷ, ಅಂದರೆ 9, 10 ಮತ್ತು ಇಂಟರ್ ಎರಡು ವರ್ಷ, ಸತತವಾಗಿ ಇಲ್ಲಿಯೇ ಓದಿರಬೇಕು ಎಂದು 2024ರ ಜುಲೈನಲ್ಲಿ ಸರ್ಕಾರ ನಿಯಮ ತಿದ್ದಿತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಕ್ತಲ್‌ನಲ್ಲಿ ಹುಟ್ಟಿ, ಮಕ್ತಲ್‌ನಲ್ಲೇ ಹತ್ತನೇವರೆಗೆ ಓದಿ, ಪಿಯುಸಿ ಎರಡು ವರ್ಷ ಮಾತ್ರ ರಾಯಚೂರಿನಲ್ಲಿ ಓದಿದ ಮಗುವಿಗೆ ಸ್ವಂತ ರಾಜ್ಯದಲ್ಲೇ ಈ ಸ್ಥಾನ ಕೈತಪ್ಪುತ್ತದೆ.

ಕರ್ನಾಟಕವಾದರೂ ಸೇರಿಸಿಕೊಳ್ಳುತ್ತದೆಯೇ? ಅಲ್ಲಿನ ಮುಖ್ಯ ನಿಯಮ 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು ಎನ್ನುತ್ತದೆ. ಎರಡು ವರ್ಷದ ಪಿಯುಸಿ ಅದಕ್ಕೆ ಸಾಲದು. ಆದರೆ ಇನ್ನೊಂದು ಉಪನಿಯಮ ನಮ್ಮ ಎಷ್ಟೋ ಮನೆಗಳಿಗೆ ಅನ್ವಯಿಸಬಹುದು: ಮಗು ಎರಡೂ ವರ್ಷದ ಪಿಯುಸಿಯನ್ನು ಕರ್ನಾಟಕದಲ್ಲಿ ಮುಗಿಸಿ, ತಂದೆ ಅಥವಾ ತಾಯಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿದ್ದರೆ ಅಲ್ಲಿನ ಸೀಟಿಗೆ ಅರ್ಹತೆ ಸಿಗುತ್ತದೆ. ತವರು ರಾಯಚೂರೋ ಯಾದಗಿರಿಯೋ ಆಗಿರುವ ತಾಯಂದಿರು ನಮ್ಮಲ್ಲಿ ಎಷ್ಟು ಜನ! ಅಮ್ಮನ ಹಳೆಯ ಶಾಲೆಯ ವ್ಯಾಸಂಗ ಪತ್ರವೇ ಮಗುವಿನ ಮೆಡಿಕಲ್ ಸೀಟಿನ ಆಧಾರವಾಗಬಹುದು. ಅದು ಸಿಗುತ್ತದೆಯೇ ಎಂದು ಪಿಯುಸಿಗೆ ಸೇರಿಸುವ ಮೊದಲೇ ಹೋಗಿ ನೋಡಿ, ಸೇರಿಸಿದ ಮೇಲೆ ಅಲ್ಲ. ಗಡಿನಾಡು ಕನ್ನಡಿಗರ ನಿಯಮವನ್ನೂ, ಅದರಲ್ಲಿ ಯಾವ ತಾಲೂಕುಗಳ ಹೆಸರಿದೆ ಎಂಬುದನ್ನೂ ಆ ವರ್ಷದ ಕೆಇಎ ಮಾಹಿತಿ ಪುಸ್ತಕದಲ್ಲೇ ಓದಿ. ಯಾರೋ ಹೇಳಿದರು ಅಂತ ನಂಬಬೇಡಿ.

ಎರಡೂ ಕಡೆ ಸ್ಥಳೀಯರಲ್ಲದ ಮಗುವಿಗೆ ಉಳಿಯುವುದು ಮುಖ್ಯವಾಗಿ ಸರ್ಕಾರಿ ಕಾಲೇಜುಗಳ 15 ಶೇಕಡಾ ಅಖಿಲ ಭಾರತ ಕೋಟಾ, ಏಮ್ಸ್‌ನಂಥ ಕೇಂದ್ರ ಸಂಸ್ಥೆಗಳು, ದುಬಾರಿ ಖಾಸಗಿ ಸೀಟುಗಳು. 2025ರಲ್ಲಿ ನೀಟ್ ಬರೆದವರು 22 ಲಕ್ಷಕ್ಕೂ ಹೆಚ್ಚು. ಇಡೀ ದೇಶದ ಎಂಬಿಬಿಎಸ್ ಸೀಟುಗಳು ಒಂದೂಕಾಲು ಲಕ್ಷದ ಆಸುಪಾಸು. ಇಂಥ ಇಕ್ಕಟ್ಟಿನಲ್ಲಿ ಸ್ವಂತ ರಾಜ್ಯದ ಬಾಗಿಲನ್ನು ಗೊತ್ತಿಲ್ಲದೆ ಮುಚ್ಚಿಕೊಳ್ಳುವುದು ಸಣ್ಣ ನಷ್ಟವಲ್ಲ. ಹೈದರಾಬಾದೋ ಮಕ್ತಲೋ ಎಂದು ತಿಂಗಳುಗಟ್ಟಲೆ ವಾದ ಮಾಡುವ ನಾವು ಈ ನಿಯಮವನ್ನು ಒಂದು ಸಂಜೆ ಕೂತು ಓದುವುದಿಲ್ಲ.

ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ, ಆದರೆ ಅದು ಸಿಗುವುದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪಾಠವೇ ಅಂತಿಮ. ಹಾಗಾಗಿ ಕನ್ನಡದಲ್ಲಿ ಅರ್ಥಮಾಡಿಕೊಳ್ಳಿ, ಇಂಗ್ಲಿಷ್ ಪದವನ್ನು ಪಕ್ಕದಲ್ಲೇ ಬರೆದು ಕಲಿಯಿರಿ. ಕನ್ನಡ ಬಿಡುವುದು ಬೇಡ, ಇಂಗ್ಲಿಷ್‌ಗೆ ಹೆದರುವುದೂ ಬೇಡ.

ಗೋಪುರ ಕಟ್ಟುವವನ ಲೆಕ್ಕ

ಗೋಪುರ ಕಟ್ಟಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಹೇಳಿದ ಸಾಮತಿ ಲೂಕನ ಶುಭಸಂದೇಶದಲ್ಲಿದೆ. ನಮ್ಮ ಲೆಕ್ಕ ಹೀಗಿದೆ.

ಮಗು ಎರಡು ವರ್ಷ ಮನೆಯ ಹತ್ತಿರದ ಒಳ್ಳೆಯ ಕಾಲೇಜಿನಲ್ಲೋ, ಸರ್ಕಾರಿ ಗುರುಕುಲದಲ್ಲೋ ಇಂಟರ್ ಓದಲಿ. ಸರ್ಕಾರಿ ಜೂನಿಯರ್ ಕಾಲೇಜಿನಲ್ಲಿ ಬೋಧನಾ ಶುಲ್ಕವಿಲ್ಲ, ಗುರುಕುಲದಲ್ಲಿ ಊಟ ವಸತಿಯೂ ಉಚಿತ. ಹೈದರಾಬಾದಿಗೆ ಕಟ್ಟಬೇಕೆಂದಿದ್ದ ಹಣವನ್ನು ಹಾಗೇ ಇಡಿ. ಮೊದಲ ಸಲ ನೀಟ್‌ನಲ್ಲಿ ಸೀಟಿನ ಹತ್ತಿರ ಬಂದು ತಪ್ಪಿದರೆ ಆಗ ಆ ಹಣದಲ್ಲಿ ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್‌ಗೆ ಕಳಿಸಿ. ಆಗ ಮಗುವಿಗೆ ಹದಿನೇಳೋ ಹದಿನೆಂಟೋ. ತನ್ನ ಕೊರತೆ ಏನೆಂದು ಗೊತ್ತಿರುತ್ತದೆ, ಒಂಟಿಯಾಗಿ ಇರುವ ಗಟ್ಟಿತನ ಬಂದಿರುತ್ತದೆ. ಸ್ಥಳೀಯತೆಯ ನಿಯಮ ನೋಡುವುದು ಇಂಟರ್‌ವರೆಗಿನ ಓದನ್ನು. ಆಮೇಲಿನ ಕೋಚಿಂಗ್ ವರ್ಷ ಯಾವ ಊರಿನಲ್ಲಾದರೂ ಅಡ್ಡಿಯಿಲ್ಲ. ನಡುವೆ ಬಿಟ್ಟುಬಂದರೆ ಉಳಿದ ಅವಧಿಯ ಶುಲ್ಕ ಹಿಂತಿರುಗಿಸಬೇಕೆಂದು ಕೇಂದ್ರ ಸರ್ಕಾರದ 2024ರ ಕೋಚಿಂಗ್ ಮಾರ್ಗಸೂಚಿ ಹೇಳುತ್ತದೆ, ರಸೀದಿಗಳನ್ನು ಜೋಪಾನವಾಗಿಡಿ. ಹದಿನೈದರ ಮಗುವನ್ನು ನೂರೈವತ್ತು ಕಿಲೋಮೀಟರ್ ಆಚೆ ಕಳಿಸಿ, ಸಾಲ ಮಾಡಿ, ಪ್ರತಿ ಫೋನಿನಲ್ಲೂ ಆ ಸಾಲವನ್ನು ನೆನಪಿಸುವುದಕ್ಕಿಂತ ಇದು ಮೇಲು ಎಂದು ನಮ್ಮ ನಂಬಿಕೆ.

ಯಾವ ಕಾಲೇಜಿಗೇ ಸೇರಿಸಿ, ಈ ಐದು ಪ್ರಶ್ನೆಗಳನ್ನು ಕೇಳಿ:

1. ಕಳೆದ ವರ್ಷ ಬೈಪಿಸಿಗೆ ಸೇರಿದವರು ಎಷ್ಟು, ಅವರಲ್ಲಿ ಸರ್ಕಾರಿ ಸೀಟು ಪಡೆದವರು ಎಷ್ಟು?
2. ನಾಲ್ಕೂ ವಿಷಯಕ್ಕೆ ಮೇಷ್ಟ್ರು ಈಗ ಇದ್ದಾರೆಯೇ, "ಬರುತ್ತಾರೆ" ಎನ್ನುತ್ತೀರಾ?
3. ನನ್ನ ಮಗಳು ಯಾವ ಸೆಕ್ಷನ್, ಆ ಸೆಕ್ಷನ್‌ಗೆ ಪಾಠ ಮಾಡುವವರು ಯಾರು?
4. ಅವಳು ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಯಾರು, ಎಷ್ಟು ದಿನದೊಳಗೆ ಅವಳ ಜೊತೆ ಮಾತಾಡುತ್ತಾರೆ?
5. ಅವಳಿಗೆ ಮನಸ್ಸು ಕುಗ್ಗಿದರೆ ಮನೆಗೆ ಫೋನ್ ಮಾಡಲು ಬಿಡುತ್ತೀರಾ?

ಐದಕ್ಕೂ ನೇರ ಉತ್ತರ ಬಂದರೆ ಕಾಲೇಜು ಎಷ್ಟೇ ದೊಡ್ಡದಿರಲಿ, ಎಷ್ಟೇ ಚಿಕ್ಕದಿರಲಿ, ಸೇರಿಸಿ. ಮಕ್ಕಳೇ, ನಿಮಗೂ ಒಂದು ಮಾತು. ಎಲ್ಲಿದ್ದರೂ ಮನಸ್ಸು ಭಾರವಾದರೆ ಟೆಲಿ ಮಾನಸ್ 14416 ಸಂಖ್ಯೆಗೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮನೆಯವರಿಗೂ ಹೇಳಿ. ಯಾವ ಸೀಟೂ ನಿಮ್ಮ ಜೀವಕ್ಕಿಂತ ದೊಡ್ಡದಲ್ಲ.

ಮುಂದಿನ ಬಾಗಿಲು ನಮ್ಮೂರಲ್ಲೇ

ಸೀಟು ಸಿಕ್ಕ ಮೇಲೂ ಇದೇ ಪ್ರಶ್ನೆ ಮತ್ತೆ ಬರುತ್ತದೆ. 1846ರಲ್ಲಿ ಶುರುವಾದ ಉಸ್ಮಾನಿಯಾ ಮೆಡಿಕಲ್ ಕಾಲೇಜಿನಲ್ಲಿ ವರ್ಷಕ್ಕೆ 250 ಸೀಟು. ನಾರಾಯಣಪೇಟೆ ಮತ್ತು ಗದ್ವಾಲ್‌ನಲ್ಲಿ 2024ರಲ್ಲಿ ತಲಾ 50 ಸೀಟಿನ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿವೆ. ರೋಗಿಗಳ ಸಂಖ್ಯೆ, ಹಿರಿಯ ಬೋಧಕರು, ಗ್ರಂಥಾಲಯ ನೋಡಿದರೆ ಉಸ್ಮಾನಿಯಾಗೆ ಸಾಟಿಯಿಲ್ಲ. ಹೊಸ ಕಾಲೇಜುಗಳಿಗೆ ಬೋಧಕರ ಕೊರತೆಯ ಕಷ್ಟವಿದೆ. ತೆಲಂಗಾಣದ ಹಲವು ಸರ್ಕಾರಿ ಕಾಲೇಜುಗಳಿಗೆ ಕೊರತೆಗಳ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2025ರಲ್ಲಿ ನೋಟಿಸ್ ಕೊಟ್ಟಿತ್ತು. ಆದರೂ ಐವತ್ತೇ ಮಕ್ಕಳಿರುವ ತರಗತಿಯಲ್ಲಿ ರೋಗಿಯ ಹಾಸಿಗೆಯ ಪಕ್ಕ ನಿಲ್ಲಲು ಜಾಗ ಸಿಗುತ್ತದೆ. ಆ ಹಾಸಿಗೆಯಲ್ಲಿ ಮಲಗಿರುವವರು ನಮ್ಮ ಅಜ್ಜಿಯರೇ, ನೋವು ಎಲ್ಲಿ ಎಂದು ಕನ್ನಡದಲ್ಲಿ ಕೇಳಿದರೆ ತಟ್ಟನೆ ಹೇಳುವವರು. ನಾರಾಯಣಪೇಟೆ, ಗದ್ವಾಲ್ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆಯ ಜಿಲ್ಲೆಗಳ ಸಾಲಿನಲ್ಲಿವೆ. ಚೀಟಿ ಓದಲು ಬಾರದವರಿಗೆ ಮಾತಿನಲ್ಲೇ ತಿಳಿಹೇಳುವ ಡಾಕ್ಟರ್ ಬೇಕು.

ಸಿಸ್ಟರ್ ಮೇರಿ ಗ್ಲೋರಿ 1920ರಲ್ಲಿ ಆಸ್ಟ್ರೇಲಿಯಾದಿಂದ ಗುಂಟೂರಿಗೆ ಬಂದ ಡಾಕ್ಟರ್. ಚಿಕ್ಕ ಔಷಧಾಲಯದಿಂದ ಶುರುಮಾಡಿ ಅಲ್ಲಿನ ಹೆಣ್ಣುಮಕ್ಕಳಿಗೇ ಔಷಧಿ ಕೊಡುವ, ಶುಶ್ರೂಷೆ ಮಾಡುವ ಕೆಲಸ ಕಲಿಸಿದರು. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಕಥೋಲಿಕ ಮೆಡಿಕಲ್ ಕಾಲೇಜೊಂದು ಬೇಕೆಂಬ ಅವರ ಆಸೆ ಅವರ ಮರಣದ ನಂತರ, 1963ರಲ್ಲಿ, ಬೆಂಗಳೂರಿನ ಸೇಂಟ್ ಜಾನ್ಸ್ ಆಗಿ ನಿಜವಾಯಿತು. ಇಂದಿನ ಆ ದೊಡ್ಡ ಸಂಸ್ಥೆಯ ಬೇರು ಗುಂಟೂರಿನ ಆ ಚಿಕ್ಕ ಕೋಣೆಯಲ್ಲಿದೆ.

ಕೊನೆಯದಾಗಿ, ಸೀಟು ಸಿಗದಿದ್ದರೆ ಲೋಕ ಮುಳುಗುವುದಿಲ್ಲ. ಬೈಪಿಸಿ ಓದಿದವರಿಗೆ ನರ್ಸಿಂಗ್, ಫಾರ್ಮಸಿ, ಫಿಸಿಯೊಥೆರಪಿ, ಕೃಷಿ, ಪಶುವೈದ್ಯ ಎಲ್ಲದರ ದಾರಿಯೂ ಇದೆ. ಸೇವೆಗೆ ಬಿಳಿ ಕೋಟು ಒಂದೇ ಸಮವಸ್ತ್ರವಲ್ಲ.

ಈ ವರ್ಷ ಯಾವ ಮಗುವಾದರೂ "ಇಲ್ಲೇ ಓದುತ್ತೇನೆ" ಎಂದರೆ ಅಯ್ಯೋ ಅನ್ನಬೇಡಿ. "ಭಾನುವಾರದ ಪರೀಕ್ಷೆಗೆ ಬರ್ತೀಯಲ್ಲ?" ಎಂದು ಕೇಳಿ. ಬೆಂಚು ಜೋಡಿಸಿ ಗಡಿಯಾರ ಇಡುವ ಕೆಲಸ ನಮ್ಮದು.